ಕವರ್ ಲೆಟರಿನಲ್ಲಿ ಸಾಹೇಬರು

"ಇದನ್ನ ಓದಿದ ಮ್ಯಾಲ ನೌಕರಿ ನಿಮ್ಮ ಸಾಹೇಬರಿಗೆ ಕೊಡ್ತಾರ ನೋಡ ತಂಗಿ. ನಿನಗ ಕೊಡಂಗಿಲ್ಲ," ಎಂದರು ರಾವಸಾಬ.

ಬಸವನ ಬಾಗೇವಾಡಿ ಕೋರ್ಟಿನ ಎದುರಿಗೆ ಅವರದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಯಾರ ಕಾಗದವೇ ಇರಲಿ, ಬಾಯಿಬಿಟ್ಟು ಓದುತ್ತಲೇ ಟೈಪು ಮಾಡುವುದು ಅವರ ರೂಢಿ. ಹೀಗಾಗಿ ಜಯಮಾಲಾ ಕಷ್ಟಪಟ್ಟು ಬರೆದು ತಂದ ಇಂಗ್ಲಿಷ್ ಕವರ್ ಲೆಟರ್ ಆಗಲೇ ಅಂಗಡಿಯಲ್ಲಿದ್ದವರ ಕಿವಿಗೆಲ್ಲ ಬಿದ್ದಿತ್ತು. ಅಂಗಡಿಯಲ್ಲಿದ್ದದ್ದು ದುಂಡೇಶ ಒಬ್ಬನೇ ಎಂಬುದು ಬೇರೆ ಮಾತು.

ಅವನು ಮೂಲೆಯ ಬೆಂಚಿನ ಮೇಲೆ ಕೂತು ನಕಲು ಪ್ರತಿಗಳಿಗೆ ಟ್ಯಾಗ್ ಪೋಣಿಸುತ್ತಿದ್ದ. ತಲೆ ಎತ್ತಲಿಲ್ಲ.

"ನಗ್ರಿ ಸರ್, ಚೆಂದ ನಗ್ರಿ," ಎಂದಳು ಜಯಮಾಲಾ.

"ನಾ ಎಲ್ಲಿ ನಕ್ಕೇನ್ರಿ?"

"ಹುಬ್ಬು ನಕ್ಕಾವು."

"ಹುಬ್ಬಿನ ಮ್ಯಾಲ ನನ್ನ ಹುಕುಂ ನಡಿಯಂಗಿಲ್ರಿ ಮೇಡಂ."

ರಾವಸಾಬ ಕೀಬೋರ್ಡಿನಿಂದ ಕೈ ತೆಗೆದು ಇಬ್ಬರನ್ನೂ ನೋಡಿದರು. ಹೀಗೆ ನೋಡುವುದಕ್ಕೆ ಅವರು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

ಜಯಮಾಲಾ ಮುದ್ದೇಬಿಹಾಳದವಳು. ಅಪ್ಪ ಶ್ರೀಶೈಲಪ್ಪನವರದು ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ. ಅವಳು ವಿಜಯಪುರದಲ್ಲಿ ಕಾನೂನು ಓದಿ, ಕೊನೆಯ ಪರೀಕ್ಷೆ ಬರೆದು, ಫಲಿತಾಂಶ ಬರುವ ತನಕ ಎಂದು ಬಾಗೇವಾಡಿಯ ಸಿದ್ದಾರೂಢ ವಕೀಲರ ಆಫೀಸಿಗೆ ಬಂದು ಹೋಗುತ್ತಿದ್ದಳು. ಅದೇ ಆಫೀಸಿನಲ್ಲಿ ದುಂಡೇಶ ಕೆಲ ವರ್ಷಗಳಿಂದ ಜೂನಿಯರ್. ಸಿಂದಗಿ ತಾಲೂಕಿನ ಹಳ್ಳಿಯವನು. ಅವನ ಅಪ್ಪ ಇವತ್ತಿಗೂ ಕುರಿ ಹಿಂದೆ ಹೋಗುತ್ತಾನೆ. ಆ ಮನೆತನದಲ್ಲಿ ಕರಿ ಕೋಟು ಹಾಕಿದವನು ದುಂಡೇಶನೇ ಮೊದಲು.

ಜಯಮಾಲಾ ಅಲ್ಲಿ ಇಲ್ಲಿ ಅರ್ಜಿ ಹಾಕಿದ್ದಳು. ಬೆಂಗಳೂರಿಗೆ ಹಾಕಿದಳು, ಹುಬ್ಬಳ್ಳಿಗೆ ಹಾಕಿದಳು. ಬೇಡ ಎಂಬ ಉತ್ತರವಾದರೂ ಬರಬೇಕಲ್ಲ, ಅದೂ ಬರಲಿಲ್ಲ. ಈಗ ಉಳಿದದ್ದು ಧಾರವಾಡ. ಅಲ್ಲಿ ಸುನಂದಾ ಎಂಬ ಹಿರಿಯ ವಕೀಲರು ಆಣೆಕಟ್ಟಿನ ಹಿನ್ನೀರಿಗೆ ಹೊಲ ಕೊಟ್ಟವರ ಮೇಲ್ಮನವಿಗಳನ್ನು ಹೈಕೋರ್ಟ್ ಪೀಠದ ಮುಂದೆ ನಡೆಸುತ್ತಿದ್ದರು. ಅವರಿಗೆ, ಫಲಿತಾಂಶ ಕಾಯುತ್ತಿದ್ದವರಾದರೂ ಸರಿ, ಒಬ್ಬ ಜೂನಿಯರ್ ಬೇಕಿತ್ತು. ಒಬ್ಬರೇ. ಅರ್ಜಿಯ ಜೊತೆ ಒಂದು ಪುಟದ ಪತ್ರ ಬೇಕು, ನೀವೇ ಯಾಕೆ ಎಂಬುದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ ಎಂದು ಜಾಹೀರಾತಿನಲ್ಲಿತ್ತು.

ಮನೆಯಲ್ಲಿ ಮಾತು ಆಗಿ ಹೋಗಿತ್ತು. ಶ್ರೀಶೈಲಪ್ಪ ಜೋರು ಮಾಡುವ ಮನುಷ್ಯರಲ್ಲ. "ಜಯಾ, ನೌಕರಿ ಕೈಯಾಗ ಇದ್ರ ಇಂಡಿಯವರಿಗೆ ತಡೀರಿ ಅಂತ ಹೇಳಾಕ ನನಗ ಒಂದು ಮಾತು ಸಿಗತೈತಿ. ಇಲ್ಲಾಂದ್ರ ಏನಂತ ಹೇಳ್ಲಿ?" ಎಂದಿದ್ದರು ಅಷ್ಟೆ. ಇಂಡಿಯವರು ಎಂದರೆ ಇಂಡಿ ಊರಿನ ನಿಂಬೆ ತೋಟದವರು, ಜಯಮಾಲಾಳನ್ನು ಸೊಸೆಯಾಗಿ ಕೇಳಿದ್ದವರು. ಮಗ ಅನಿಲ, ನೋಡುವಂತಿದ್ದ, ದುಶ್ಚಟವಿಲ್ಲ, ಬೈಯಲು ಒಂದು ಕಾರಣವೂ ಸಿಗದಂಥ ವರ. ಅದೇ ಜಯಮಾಲಾಳಿಗೆ ಕಷ್ಟವಾಗಿತ್ತು.

ರಾವಸಾಬ ಹಾಳೆಯನ್ನು ವಾಪಸು ಕೊಟ್ಟರು. "ಎಲ್ಲಾ ಸಾಲಿನ್ಯಾಗೂ ಸಿದ್ದಾರೂಢ ಸಾಹೇಬರು ಅದಾರ. ದುಂಡಪ್ಪಾ, ನೀನರ ಒಂದೀಟು ನೋಡಿ ಕೊಡೋ ಮಾರಾಯಾ."

ಮಧ್ಯಾಹ್ನ ಸಾಹೇಬರು ಊಟಕ್ಕೆ ಮನೆಗೆ ಹೋದ ಮೇಲೆ ಆಫೀಸಿನಲ್ಲಿ ಫ್ಯಾನಿನ ಸಪ್ಪಳವಷ್ಟೇ ಉಳಿಯಿತು. ದುಂಡೇಶ ಮೇಜಿನ ಒಂದು ಬದಿ, ಜಯಮಾಲಾ ಇನ್ನೊಂದು ಬದಿ. ನಡುವೆ ಹಾಳೆ.

ಅವನು ತುಟಿ ಆಡಿಸುತ್ತ ಓದುತ್ತಿದ್ದ. ದಪ್ಪ ಕಾನೂನು ಪುಸ್ತಕ ಓದುವಾಗಲೂ ಹಾಗೆಯೇ. ಜಯಮಾಲಾ ಅವನ ತುಟಿ ನೋಡಿ ಯಾವ ಸಾಲಿಗೆ ಬಂದ ಎಂದು ಹೇಳಬಲ್ಲಳು. ಅಷ್ಟು ನೋಡಿದ್ದೇನೆ ಎಂದು ಅವಳಿಗೆ ಆಗಷ್ಟೇ ಗೊತ್ತಾಗಿ, ನೋಟವನ್ನು ಗೋಡೆಯ ಕ್ಯಾಲೆಂಡರಿಗೆ ಒಯ್ದಳು.

"ಮೊದಲನೇ ಸಾಲಿನ ಅರ್ಥ ಹೇಳ್ರಿ," ಎಂದ.

"ಕೆಳಗೆ ಸಹಿ ಮಾಡಿದ ಅರ್ಜಿದಾರಳು ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ..."

"ಸುನಂದಾ ಮೇಡಂ ಜಡ್ಜ್ ಅಲ್ರಿ. ಅವರ ಮುಂದ ಅರಿಕೆ ಯಾಕ?"

"ಹಂಗs ಬರೀತಾರಲ್ರಿ."

"ಯಾರು?"

ಜಯಮಾಲಾ ಸ್ವಲ್ಪ ಯೋಚಿಸಿ, "ನಾವs," ಎಂದಳು.

ಅವನ ಹುಬ್ಬುಗಳು ಮತ್ತೆ ನಕ್ಕವು.

"ಇಲ್ಲಿ ನೋಡ್ರಿ. 'ಸಾಹೇಬರ ಸಮರ್ಥ ಮಾರ್ಗದರ್ಶನದಲ್ಲಿ ನೋಟೀಸು ತಯಾರಿಸಲಾಯಿತು.' ಆ ನೋಟೀಸು ಬರದವರು ಯಾರು?"

"ನಾನ ಬರದೆ. ಸಹಿ ಸಾಹೇಬರದು."

"'ಸಾಹೇಬರ ಆಶೀರ್ವಾದದಿಂದ ಸಾಕ್ಷಿಗಳನ್ನು ಪತ್ತೆ ಹಚ್ಚಲಾಯಿತು.' ಆಶೀರ್ವಾದ ಬಸ್ ಹತ್ತಿ ಝಳಕಿಗೆ ಹೋಗಿತ್ತೇನ್ರಿ?"

"ಹಂಗ ಅನಬ್ಯಾಡ್ರಿ. ಸಾಹೇಬರು ಒಳ್ಳೇವ್ರು."

"ಒಳ್ಳೇವ್ರ ಅದಾರ. ಆದ್ರ ಅವರಿಗೆ ನೌಕರಿ ಬೇಕಾಗಿಲ್ಲ."

ತಾಲೂಕು ಕೋರ್ಟಿನ ವಕೀಲರ ಆಫೀಸುಗಳಲ್ಲಿ ಇದೊಂದು ರಿವಾಜು. ಜೂನಿಯರ್ ಬರೆಯುತ್ತಾನೆ, ಜೂನಿಯರ್ ಅಲೆಯುತ್ತಾನೆ, ಕಕ್ಷಿದಾರ ಬಂದು ಯಾರು ಮಾಡಿದ್ರಿ ಎಂದು ಕೇಳಿದರೆ 'ಸಾಹೇಬರು' ಎನ್ನುತ್ತಾನೆ. ಅದರಲ್ಲಿ ಯಾರಿಗೂ ಬೇಸರವಿಲ್ಲ. ಮುಂದೆ ತನಗೂ ಜೂನಿಯರ್ ಬರುತ್ತಾನೆ, ಅವನೂ ಹೀಗೇ ಹೇಳುತ್ತಾನೆ. ಮಾಡಿದ್ದನ್ನು ನಾನು ಮಾಡಿದೆ ಎಂದವನಿಗೆ ಬಾರ್ ರೂಮಿನಲ್ಲಿ ಚಹಾ ತಣ್ಣಗಾಗಿ ಬರುತ್ತದೆ. ಜಯಮಾಲಾ ಈ ಮರ್ಯಾದೆಯನ್ನು ಬಂದ ಕೆಲವೇ ವಾರಗಳಲ್ಲಿ ಕಲಿತಿದ್ದಳು. ಕಲಿತದ್ದನ್ನು ಹಾಗೆಯೇ ಧಾರವಾಡಕ್ಕೆ ಕಳಿಸಲು ಹೊರಟಿದ್ದಳು.

"ಮತ್ತ ಇದೇನ್ರಿ," ದುಂಡೇಶ ಬೆರಳಿಟ್ಟ. "'ನಾನು ಗ್ರಾಮೀಣ ಭಾಗದ ಕನ್ನಡ ಮಾಧ್ಯಮದವಳಾದರೂ.' ಈ 'ಆದರೂ' ಯಾಕ ಬಂತು?"

"ನನ್ನ ಇಂಗ್ಲಿಷ್ ಅಷ್ಟಕ್ಕಷ್ಟ ಅಂತ ಮೊದಲ ಹೇಳಿಬಿಟ್ರ ಚಲೋ ಅಲ್ಲೇನ್ರಿ?"

"ಸುನಂದಾ ಮೇಡಂ ಹತ್ರ ಬರೋ ಮಂದಿ ಯಾರು? ಹೊಳಿ ಆಚೀ ದಂಡಿ ರೈತರು, ನಮ್ಮಂಗs ಮಾತಾಡಾವ್ರು. ಅವರು ಇಂಗ್ಲಿಷಿನ್ಯಾಗ ಅಳತಾರೇನ್ರಿ?"

ಜಯಮಾಲಾ ಪೆನ್ನು ತೆಗೆದುಕೊಂಡು ಆ ಸಾಲಿಗೆ ಗೆರೆ ಎಳೆದಳು. ಎಳೆದ ಗೆರೆ ಅವನ ಬೆರಳಿನ ತುದಿಗೆ ಬಂದು ನಿಂತಿತು. ಅವನು ಬೆರಳನ್ನು ತಡವಾಗಿ ತೆಗೆದ. ಇಷ್ಟು ಸಣ್ಣ ಸಂಗತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಬ್ಬರೂ ಹಿಡಿದರು.

"ಶೇವಂತೆವ್ವನ ಸುದ್ದಿ ಯಾಕ ಬರದಿಲ್ಲ?" ಎಂದು ಕೇಳಿದ.

"ಅದು ಕಾನೂನು ಅಲ್ಲಲ್ರಿ. ಬರೇ ಮಾತಾಡಿದ್ದು."

ನಿಡಗುಂದಿ ಕಡೆಯ ಶೇವಂತೆವ್ವ ಗಂಡ ಸತ್ತ ಮೇಲೆ ಒಬ್ಬಳೇ ಹೊಲ ಉತ್ತವಳು. ಹೊಲ ಹಿನ್ನೀರಿಗೆ ಹೋಯಿತು, ಪರಿಹಾರದ ಕಾಗದದಲ್ಲಿ ಭಾವನ ಹೆಸರಿತ್ತು. ಉತ್ತವಳು ನಾನೇ ಎಂದು ತೋರಿಸಲು ಸಾಕ್ಷಿ ಬೇಕಾಗಿತ್ತು. ಆಫೀಸಿಗೆ ಬಂದರೆ ಅವಳು ಸೆರಗು ಬಾಯಿಗಿಟ್ಟುಕೊಂಡು ಹೂಂ ಎನ್ನುವುದಷ್ಟೇ. ಸಾಹೇಬರು ಕೇಳಿದರೂ ಹೂಂ, ದುಂಡೇಶ ಕೇಳಿದರೂ ಹೂಂ. ಜಯಮಾಲಾ ಅವಳ ಮನೆಗೇ ಹೋಗಿ, ಅಂಗಳದಲ್ಲಿ ಕೂತು, ಅವಳ ಜೊತೆ ಶೇಂಗಾ ಸುಲಿದಳು. ಕೇಸಿನ ಸುದ್ದಿ ಎತ್ತಲೇ ಇಲ್ಲ. ಕಳೆ ತೆಗೆಯಲು ಯಾರು ಬರುತ್ತಿದ್ದರು, ಬುತ್ತಿ ಯಾರು ತರುತ್ತಿದ್ದರು, ಯಾವ ಗಿಡದ ಕೆಳಗೆ ಉಣ್ಣುತ್ತಿದ್ದಿರಿ ಎಂದು ಕೇಳುತ್ತ ಹೋದಳು. ಸಂಜೆಯ ಹೊತ್ತಿಗೆ ಚಂದವ್ವ ಎಂಬ ಹೆಸರು ಬಂತು. ವರ್ಷಾನುಗಟ್ಟಲೆ ಜೊತೆಗೆ ಕಳೆ ತೆಗೆದವಳು, ಈಗ ಝಳಕಿಯಲ್ಲಿ ಮಗಳ ಮನೆಯಲ್ಲಿದ್ದಳು. ಜಯಮಾಲಾ ಹೋಗಿ ಕರೆತಂದಳು. ಚಂದವ್ವ ಕಟಕಟೆಯಲ್ಲಿ ನಿಂತು ಹೊಲದ ಒಡ್ಡು, ಬಾವಿ, ಬೇವಿನ ಗಿಡ ಎಲ್ಲವನ್ನೂ ಕೈ ಮಾಡಿ ತೋರಿಸಿದಳು, ಕೋರ್ಟಿನ ಹಾಲಿನಲ್ಲೇ ಹೊಲ ಇದ್ದ ಹಾಗೆ. ಕೇಸು ಗೆದ್ದಿತು. ಸಾಹೇಬರು ಗೆದ್ದರು ಎಂದು ಊರಲ್ಲಿ ಹೇಳಿಕೊಂಡರು.

"ಅದನ್ನ ಬರೀರಿ," ಎಂದ ದುಂಡೇಶ. "ನಿಮ್ಮ ಮಾರ್ಕ್ಸು, ಕಾಲೇಜು, ಎಲ್ಲಾ ಬಯೋಡೇಟಾದಾಗ ಐತಿ. ಅದನ್ನs ಮತ್ತ ಪತ್ರದಾಗ ಯಾಕ ಹೇಳ್ತೀರಿ? ಇದೊಂದು ಹೇಳ್ರಿ. ಶೇವಂತೆವ್ವನ ಹೆಸರು ಹಾಕಬ್ಯಾಡ್ರಿ, ಕಕ್ಷಿದಾರರ ಹೆಸರು ಹೊರಗ ಹೇಳಬಾರ್ದು. ನಾನು ಹೋದೆ, ನಾನು ಕುಂತೆ, ನಾನು ಕೇಳಿದೆ. ಹಂಗ ಬರೀರಿ."

"ನಾನು ನಾನು ಅಂತ ಬರದ್ರ ಸೊಕ್ಕು ಅನ್ನಂಗಿಲ್ಲೇನ್ರಿ?"

"ಮಾಡಲಾರದ್ದು ಮಾಡೇನಿ ಅಂದ್ರ ಸೊಕ್ಕು."

ಅವಳು ಬರೆದಳು. ಹೊಡೆದು ಹಾಕಿದಳು, ಮತ್ತೆ ಬರೆದಳು. ಕೊನೆಯಲ್ಲಿ, 'ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡಿದ್ದಕ್ಕೆ ಕ್ಷಮೆ ಇರಲಿ' ಎಂಬುದಿತ್ತು. ಅದನ್ನು ಅವಳೇ ತೆಗೆದು, ನಿಮ್ಮ ಕಕ್ಷಿದಾರರು ಆಡುವ ಮಾತು ನನ್ನ ಮನೆಯ ಮಾತು, ಸಂದರ್ಶನಕ್ಕೆ ಕರೆಯಿರಿ, ಬರುತ್ತೇನೆ ಎಂದು ಹಾಕಿದಳು.

ದುಂಡೇಶ ತುಟಿ ಆಡಿಸುತ್ತ ಓದಿ ಮುಗಿಸಿದ. "ನಮ್ಮವ್ವ ಇದನ್ನ ಕೇಳಿದ್ರ ಭಾಳ ಖುಷಿ ಪಡ್ತಿದ್ಲು," ಎಂದ.

"ನಿಮ್ಮವ್ವಗ ಇಂಗ್ಲಿಷ್ ಬರ್ತೈತೇನ್ರಿ?"

"ಇಲ್ರಿ. ಆದ್ರ ನಿಮ್ಮ ಸುದ್ದಿ ಕೇಳ್ತಿರ್ತಾಳ."

"ಯಾರು ಹೇಳ್ತಾರ ಅವರಿಗೆ ನನ್ನ ಸುದ್ದಿ?"

ಅವನು ಟ್ಯಾಗ್ ಹುಡುಕುವ ನೆಪದಲ್ಲಿ ಮೇಜಿನ ಡ್ರಾ ತೆಗೆದ. ಡ್ರಾ ಖಾಲಿ ಇತ್ತು. ಹಾಗಿದ್ದರೂ ಬಹಳ ಹೊತ್ತು ಹುಡುಕಿದ.

ಸಂಜೆ ರಾವಸಾಬ ಪತ್ರವನ್ನು ಟೈಪು ಮಾಡಿ ಇ-ಮೇಲಿನಲ್ಲಿ ಕಳಿಸಿದರು. ಈ ಸಲವೂ ಬಾಯಿಬಿಟ್ಟೇ ಓದಿದರು, ಮುಗಿಸಿ ತಲೆ ಆಡಿಸಿದರು.

"ಹೋತು ನೋಡ ತಂಗಿ. ಇನ್ನ ದುಂಡಪ್ಪಂದೂ ನಿಂದೂ ಕೂಡೇ ಧಾರವಾಡದಾಗ ಕುಂತಿರ್ತಾವ."

"ಯಾವ್ದು ಕಾಕಾ?"

"ಅಂವಂದು ಅರ್ಜಿ. ಅದs ಮೇಡಮ್ಮಗ. ಹೋದ ವಾರ ಅಂವನ ಟೈಪು ಮಾಡಿ ತಂದಿದ್ದ, ನಾ ಓದಲಾರದ ಕಳಿಸೇನಿ." ಹೇಳಿದ ಮೇಲೆ ಅವರಿಗೆ ಹೊಳೆಯಿತು. "ನಿನಗ ಹೇಳಿಲ್ಲೇನವ್ವಾ ಅಂವಾ?"

ಜಯಮಾಲಾ ಬಸ್ ಸ್ಟ್ಯಾಂಡಿಗೆ ನಡೆದುಹೋದಳು. ಒಬ್ಬರಿಗೇ ಜಾಗ, ಇಬ್ಬರ ಅರ್ಜಿ. ಅವಳು ಎರಡು ಲೆಕ್ಕ ಹಾಕಿದಳು. ಒಂದು, ತನಗೆ ಹೇಳಿಕೊಟ್ಟದ್ದರಲ್ಲಿ ಅವನು ಏನೋ ಮೋಸ ಇಟ್ಟಿದ್ದಾನೆ. ಇದನ್ನು ನಂಬಲು ಆಗಲಿಲ್ಲ. ಎರಡು, ಅವನು ತನ್ನ ಅರ್ಜಿಯನ್ನು ಇವಳಿಗಾಗಿ ವಾಪಸು ತೆಗೆದುಕೊಳ್ಳುತ್ತಾನೆ, ಅಥವಾ ಆಗಲೇ ತೆಗೆದುಕೊಂಡಿದ್ದಾನೆ. ಇದನ್ನು ನೆನೆದರೆ ಸಿಟ್ಟು ಬಂತು.

ದುಂಡೇಶ ಮುದ್ದೇಬಿಹಾಳದ ಬಸ್ಸು ನಿಲ್ಲುವ ಜಾಗದಲ್ಲೇ ಇದ್ದ. ಅವನ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ದಿನವೂ ಅವಳು ಹತ್ತುವ ತನಕ ಅಲ್ಲಿರುತ್ತಿದ್ದ, ಯಾಕೆಂದು ಅವನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ಧಾರವಾಡಕ್ಕ ನೀವೂ ಹಾಕೀರಂತ," ಎಂದಳು.

"ಹೌದ್ರಿ."

"ಮತ್ತ ನಂದ್ಯಾಕ ತಿದ್ದಿದ್ರಿ?"

"ನಿಮ್ಮದು ಹಂಗs ಹೋಗಿದ್ರ ನಾನು ಗೆದ್ದಂಗ ಆಗ್ತಿರ್ಲಿಲ್ರಿ. ಎದುರಿನ ಪಾರ್ಟಿ ಗೈರಹಾಜರ ಇದ್ದಂಗ."

"ಈಗ ವಾಪಸ್ ತಗೋತೀರಿ. ಹೌದಿಲ್ಲ? ಪಾಪ ಹೆಣ್ಣುಮಗಳು ಅಂತ."

ದುಂಡೇಶ ಅವಳನ್ನು ನೇರವಾಗಿ ನೋಡಿದ. ಮೇಜಿನ ಆಚೆ ಈಚೆ ಕೂತಾಗ ಹೀಗೆ ನೋಡಿರಲಿಲ್ಲ. "ಇಲ್ರಿ. ನನಗೂ ಆ ಕೆಲಸ ಬೇಕು. ಎಷ್ಟು ವರ್ಷ ಅಂತ ಟ್ಯಾಗ್ ಪೋಣಿಸ್ಲಿ? ವಾಪಸ್ ತಗೊಳ್ಳಂಗಿಲ್ಲ."

ಜಯಮಾಲಾಳ ಮುಖದ ಗಂಟು ಸಡಿಲವಾಯಿತು. "ತಗೊಂಡಿದ್ರ ನಿಮ್ಮ ಜೋಡಿ ಮಾತು ಬಿಡ್ತಿದ್ದೆ," ಎಂದಳು.

"ಈಗ ಬಿಡಂಗಿಲ್ಲಲ್ಲ?"

"ನೋಡೋಣ್ರಿ. ನೀವು ಗೆದ್ರ ಬಿಡ್ತೇನಿ."

ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ನಗು ಬಂತು. ಪಕ್ಕದಲ್ಲಿದ್ದವರು ಏನಾತು ಬೇ ಎಂದು ಕೇಳಿದರು. ಏನಿಲ್ಲ ಎಂದು ಕಿಟಕಿಯ ಕಡೆ ತಿರುಗಿದಳು. ತನ್ನ ಜೊತೆ ಸಮ ನಿಂತು ಪೈಪೋಟಿ ಮಾಡುವವನನ್ನು ಕಂಡರೆ ಯಾಕೆ ಹೀಗೆ ಹಗುರಾಗುತ್ತದೋ, ಆ ಪ್ರಶ್ನೆಗೆ ಉತ್ತರ ಹುಡುಕುವಷ್ಟರಲ್ಲಿ ಮುದ್ದೇಬಿಹಾಳ ಬಂದುಬಿಟ್ಟಿತ್ತು.

ಆಮೇಲೆ ಕಾಯುವುದಷ್ಟೇ. ಇಂಡಿಯವರು ಬುಟ್ಟಿ ನಿಂಬೆಹಣ್ಣು ಕಳಿಸಿದರು. ಜಯಮಾಲಾಳ ತಾಯಿ ಉಪ್ಪಿನಕಾಯಿ ಹಾಕಿದರು. ಮುಂದಿನ ಸೋಮವಾರ ನೋಡಲು ಬರುತ್ತೇವೆ ಎಂದು ಫೋನು ಬಂತು. ಶ್ರೀಶೈಲಪ್ಪ ಮಗಳ ಮುಖ ನೋಡಿದರು. ಆಫೀಸಿನಲ್ಲಿ ಇಬ್ಬರೂ ದಿನಾ ಬೆಳಿಗ್ಗೆ ಒಬ್ಬರನ್ನೊಬ್ಬರು ನೋಡಿ, ಬಂತೇನ್ರಿ, ಇಲ್ರಿ, ನಿಮಗ, ಇಲ್ರಿ, ಎನ್ನುತ್ತಿದ್ದರು. ಮೂರನೆಯವರು ಕೇಳಿದರೆ ಸಮನ್ಸು ಕಾಯುತ್ತಿದ್ದಾರೆ ಅಂದುಕೊಳ್ಳಬೇಕು.

ಉತ್ತರ ಬಂದ ದಿನ ಇಬ್ಬರೂ ಸಿಂದಗಿ ಕೋರ್ಟಿನಲ್ಲಿದ್ದರು. ಸಾಹೇಬರ ಕೇಸು ಮುಂದಕ್ಕೆ ಹೋಯಿತು. ಸಾಹೇಬರು ಯಾರದೋ ಕಾರಿನಲ್ಲಿ ವಿಜಯಪುರಕ್ಕೆ ಹೋದರು. ಫೈಲು ಹೊತ್ತು ಬಾಗೇವಾಡಿಗೆ ಮರಳುವುದು ಇವರ ಪಾಲಿಗೆ ಬಂತು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಾಗ ಜಯಮಾಲಾಳ ಫೋನು ಗುಂಯ್ ಎಂದಿತು. ಅವಳು ಓದಿದಳು. ಮತ್ತೊಮ್ಮೆ ಓದಿ ಫೋನನ್ನು ಅವನ ಕೈಗೆ ಕೊಟ್ಟಳು.

ಗುರುವಾರ ಸಂದರ್ಶನಕ್ಕೆ ಬನ್ನಿ ಎಂದಿತ್ತು. ಸಾಕ್ಷಿ ಹುಡುಕಿದ ಪ್ರಸಂಗದ ಬಗ್ಗೆ ಇನ್ನಷ್ಟು ಕೇಳಬೇಕಿದೆ ಎಂದು ಕೆಳಗೆ ಸುನಂದಾ ಅವರೇ ಒಂದು ಸಾಲು ಸೇರಿಸಿದ್ದರು.

"ಬಂತಲ್ರಿ," ಎಂದ ದುಂಡೇಶ. ದನಿಯಲ್ಲಿ ಸಂತೋಷವಿತ್ತು. ಸ್ವಲ್ಪ ತಡೆದು ತನ್ನ ಫೋನು ತೆಗೆದ. ಅವನಿಗೂ ಬಂದಿತ್ತು. ಅರ್ಜಿಗೆ ಧನ್ಯವಾದ, ಮುಂದೆ ಒಳ್ಳೆಯದಾಗಲಿ, ಅಷ್ಟೇ.

ಜಯಮಾಲಾ ಅವನ ಫೋನಿಗೆ ಕೈ ಚಾಚಿದಳು. "ನೀವು ಏನ್ ಬರದಿದ್ರಿ? ತೋರಿಸ್ರಿ," ಎಂದಳು.

"ಬ್ಯಾಡ್ರಿ."

"ನಂದು ನೀವು ನೋಡೀರಿಲ್ಲೋ? ತೋರಿಸ್ರಿ."

ತೋರಿಸಿದ. ಮೊದಲ ಪ್ಯಾರಾದಲ್ಲಿ ಸಾಹೇಬರ ಸಮರ್ಥ ಮಾರ್ಗದರ್ಶನವಿತ್ತು. ಎರಡನೆಯದರಲ್ಲಿ ಸಾಹೇಬರು ವಾದ ಮಾಡಿದ್ದರು. ಆ ವಾದವನ್ನು ದುಂಡೇಶನೇ ಬರೆದು, ಬಾರ್ ರೂಮಿನ ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದನ್ನು ಜಯಮಾಲಾ ಕಂಡಿದ್ದಳು. ಮೂರನೆಯದರಲ್ಲಿ ಸಾಹೇಬರ ಆಶೀರ್ವಾದ ಬಂತು. ದುಂಡೇಶ ಇದ್ದದ್ದು ಕೊನೆಯ ಸಹಿಯಲ್ಲಿ ಮಾತ್ರ. ಅವಳಿಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

"ನಂದ್ರಾಗ ಕಂಡಿದ್ದು ನಿಮ್ಮದ್ರಾಗ ಕಾಣ್ಲಿಲ್ಲೇನ್ರಿ?"

"ನಂದು ಬರಿಯೂಮುಂದ ನೀವು ಎದುರಿಗೆ ಇರ್ಲಿಲ್ಲ."

"ಮತ್ತ ನಂದು ತಿದ್ದೂಮುಂದ?"

"ಅವಾಗ ಗೊತ್ತಾತ್ರಿ, ನಂದು ಬಿದ್ದುಹೋತು ಅಂತ. ಅರ್ಧಾ ತಿದ್ದಿ ಬಿಡಾಕ ಬರ್ತಿತ್ತೇನು?"

ಸ್ಟ್ಯಾಂಡಿನೊಳಗೆ ಒಂದು ಬಸ್ಸು ಬಂದು, ಬೇರೆ ಊರಿನದಾಗಿ, ಹೋಯಿತು. ಶೇಂಗಾ ಮಾರುವವನು ಇವರ ಮುಂದೆ ನಿಂತು, ಇಬ್ಬರ ಮುಖ ನೋಡಿ, ಏನೂ ಕೂಗದೆ ಮುಂದೆ ನಡೆದ.

"ಸೋಮವಾರ ಇಂಡಿಯವರು ಬರ್ತಾರ," ಎಂದಳು ಜಯಮಾಲಾ, ಫೈಲಿನ ಕಡೆ ನೋಡುತ್ತ.

"ಗೊತ್ತೈತ್ರಿ. ರಾವಸಾಬ ಕಾಕಾ ಹೇಳಿದ್ರು." ಅವನು ಕೋಟನ್ನು ಮಡಿಲಲ್ಲಿ ಆ ಕಡೆ ಈ ಕಡೆ ಮಾಡಿದ. "ನಮ್ಮವ್ವ ಅಂತಿದ್ಲು, ಅಂಥಾ ಹುಡುಗಿ ನಮ್ಮ ಮನಿಗೆ..."

"ಅವ್ವನ ವಕಾಲತ್ತು ಸಾಕ್ರಿ. ಅವರು ಬಂದಾಗ ಅವರs ಮಾತಾಡ್ಲಿ."

ದುಂಡೇಶನ ತುಟಿ ಆಡಿದವು, ದನಿ ಬರಲಿಲ್ಲ. ಅವನು ಯಾವ ಸಾಲಿಗೆ ಬಂದಿದ್ದಾನೆಂದು ಈ ಸಲ ಅವಳಿಗೂ ತಿಳಿಯಲಿಲ್ಲ. ಕಾದಳು.

"ನನಗ ನೀವು ಬೇಕ್ರಿ," ಎಂದ. "ಯಾವಾಗಿಂದ ಅಂತ ಕೇಳಬ್ಯಾಡ್ರಿ. ಶೇವಂತೆವ್ವನ ಮನಿಯಿಂದ ಬಂದು, ಉಗುರ ತುಂಬ ಶೇಂಗಾದ ಮಣ್ಣು ಮಾಡ್ಕೊಂಡು, ಕೇಸ್ ಗೆಲ್ತೈತ್ರಿ ಅಂದ್ರಲ್ಲ, ಅವತ್ತ ನನಗ ತಿಳೀತು. ನಮ್ಮಪ್ಪ ಕುರಿ ಕಾಯಾಂವ, ನಿಮ್ಮಪ್ಪ ಪ್ಯಾಟಿಯವರು. ಅವರು ಒಪ್ಪತಾರೋ ಇಲ್ಲೋ ಗೊತ್ತಿಲ್ಲ. ನಿಮ್ಮನ್ನ ಮೊದಲ ಕೇಳಾಕತ್ತೇನಿ."

ಜಯಮಾಲಾ ತನ್ನ ಉಗುರು ನೋಡಿಕೊಂಡಳು. ಈಗ ಮಣ್ಣಿರಲಿಲ್ಲ.

"ನಾ ಗುರುವಾರ ಧಾರವಾಡಕ್ಕ ಹೋಗ್ತೇನಿ. ಕರದ್ರ ಅಲ್ಲೇ ಇರ್ತೇನಿ. ಆಮ್ಯಾಲ ಬಾಗೇವಾಡಿಗೆ ಬಾ ಅನ್ನಂಗಿಲ್ಲ."

"ನಾನs ಅಲ್ಲಿಗೆ ಬರ್ತೇನ್ರಿ. ಧಾರವಾಡದಾಗ ಮೇಡಂ ಒಬ್ಬರs ವಕೀಲರಲ್ಲಲ್ರಿ. ಇನ್ನೊಂದು ಅರ್ಜಿ ಬರೀತೇನಿ."

"ಬರೀರಿ. ಆದ್ರ ಕಳಿಸೂಕಿಂತ ಮೊದಲ ನಾ ನೋಡಬೇಕು."

"ಮತ್ತ ಇಂಡಿಯವರು?"

"ಇವತ್ತ ಮನಿಗೆ ಹೋಗಿ ಅಪ್ಪಗ ಹೇಳ್ತೇನಿ, ಬರಬ್ಯಾಡ್ರಿ ಅಂತ ಫೋನ್ ಮಾಡು ಅಂತ."

"ನೌಕರಿ ಇನ್ನೂ ಸಿಕ್ಕಿಲ್ಲಲ್ರಿ. ಏನ್ ಕಾರಣ ಹೇಳ್ತೀರಿ?"

"ಕಾರಣ ಇಲ್ಲೇ ಕುಂತೈತಲ್ರಿ, ಕೋಟ್ ಮುದುಡಿಕೊಂತ."

ಅಷ್ಟರಲ್ಲಿ ಬಾಗೇವಾಡಿ ಬಸ್ಸು ಸ್ಟ್ಯಾಂಡಿಗೆ ತಿರುಗಿತು. ನಿಲ್ಲುವ ಮೊದಲೇ ಮಂದಿ ಬಾಗಿಲಿಗೆ ಮುತ್ತಿದರು. ಕೆಲವರು ಟವೆಲ್ಲು, ಚೀಲ, ಕೈಗೆ ಸಿಕ್ಕಿದ್ದನ್ನೆಲ್ಲ ಕಿಟಕಿಯಿಂದ ಒಳಗೆ ಎಸೆದು ಸೀಟು ಹಿಡಿಯತೊಡಗಿದರು. ದುಂಡೇಶ ಓಡುತ್ತ ಹೋಗಿ ಕರಿ ಕೋಟನ್ನು ಕಿಟಕಿಯಲ್ಲಿ ತೂರಿಸಿದ. ಕೋಟು ಒಂದು ಸೀಟಿನ ಮೇಲೆ ಬಿತ್ತು, ಅದರ ತೋಳು ಪಕ್ಕದ ಸೀಟಿನ ಮೇಲೆ ಚಾಚಿಕೊಂಡಿತು. ಮೊದಲು ಹತ್ತಿದ ಒಬ್ಬ ಮುದುಕಿ ಕೂಡಬೇಕೆಂದು ಆ ತೋಳನ್ನು ಎತ್ತಿದಳು. ಕಿಟಕಿಯಾಚೆ ಫೈಲುಗಳನ್ನು ಎದೆಗೆ ಒತ್ತಿಕೊಂಡು ನಿಂತ ಜಯಮಾಲಾಳನ್ನೂ, ಅವಳ ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದ ಹುಡುಗನನ್ನೂ ನೋಡಿದಳು. ತೋಳನ್ನು ಮೊದಲಿದ್ದ ಹಾಗೆಯೇ ಸೀಟಿನ ಮೇಲೆ ಹಾಸಿ, ಸೆರಗು ಸರಿಮಾಡಿಕೊಂಡು, ಹಿಂದಿನ ಸೀಟಿಗೆ ಹೋಗಿ ಕೂತಳು.